ಗಾಳಿಕಿಂಡಿಗೆ ತುರುಕಿದ ಸೀರೆ

ಕ್ಯಾರವಾನ್ ಬಾಡಿಗೆಗೆ ಹಿಡಿಯುವವರಿಗೆಲ್ಲ ಹೊರಡುವ ಮೊದಲು ನಾನೊಂದು ಪಾಠ ಹೇಳುತ್ತೇನೆ. ಯಾರೂ ಕೇಳಿಸಿಕೊಳ್ಳುವುದಿಲ್ಲ. ಮಕ್ಕಳು ಆಗಲೇ ಮೇಲಿನ ಹಾಸಿಗೆ ಹತ್ತಿ ಕುಣಿಯುತ್ತಿರುತ್ತವೆ, ಗಂಡಸರು ಫೋಟೋ ತೆಗೆಯುತ್ತಿರುತ್ತಾರೆ, ಹೆಂಗಸರು ಒಲೆ ಹಚ್ಚಿ ನೋಡುತ್ತಿರುತ್ತಾರೆ. ನಾನು ಬಾಗಿಲಲ್ಲಿ ನಿಂತು ನೀರು ಹೀಗೆ ಬಳಸಿ, ಬಚ್ಚಲಿಗೆ ಅದು ಇದು ಹಾಕಬೇಡಿ, ಗಾಡಿ ಓಡುವಾಗ ಡ್ರಾಯರಿಗೆ ಚಿಲಕ ಹಾಕಿ ಅಂತ ಒದರುತ್ತಿರುತ್ತೇನೆ. ಮೈಸೂರಿನ ನಮ್ಮ ಓನರ್ ಪ್ರಕಾರ ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ. ಇರಲಿ. ಇಕ್ಕಟ್ಟಿನ ಗಾಡಿಯಲ್ಲಿ ಒಂದು ಸಂಸಾರವನ್ನು ಊರೂರು ತಿರುಗಿಸಿ ನೋಡಲಿ, ಆಮೇಲೆ ಮಾತಾಡಲಿ.

ದೊಡ್ಡ ವ್ಯಾನಿನ ಸೀಟುಗಳನ್ನು ಕಿತ್ತುಹಾಕಿ ಹಾಸಿಗೆ, ಅಡುಗೆ ಕಟ್ಟೆ, ಫ್ರಿಜ್ಜು, ಪುಟ್ಟ ಬಚ್ಚಲು ಕೂಡಿಸಿದ ಗಾಡಿ ಅದು. ಅದಕ್ಕೆ ನಾನೇ ಡ್ರೈವರು, ನಾನೇ ಪ್ಲಂಬರು, ನಾನೇ ಕಸ ಗುಡಿಸುವವನು. ಮೊನ್ನೆಯ ಶ್ರಾವಣದಲ್ಲಿ ಅದನ್ನು ಹಿಡಿದದ್ದು ಚುಂಚನಕಟ್ಟೆ ಹತ್ತಿರದ ಹಳ್ಳಿಯ ಭತ್ತ ಬೆಳೆಯುವ ಒಂದು ಮನೆಯವರು. ಅವರ ಮನೆದೇವರು ಅಂತರಸಂತೆ ಆಚೆ ಕಾಡಂಚಿನಲ್ಲಿ. ಸೋಮವಾರ ಮಾತ್ರ ಬಾಗಿಲು ತೆಗೆಯುತ್ತಾರೆ. ಹುಟ್ಟಿದ ಕೂಸನ್ನು ಮೊದಲು ಆ ದೇವರ ಮುಂದೆ ಮಲಗಿಸಬೇಕು ಅನ್ನುವುದು ಹರಕೆ. ಕೂಸಿಗೆ ಮೂರು ತಿಂಗಳು ತುಂಬುತ್ತಿತ್ತು. ಹೊರಟವರು ನಾಲ್ಕೇ ಜನ: ಕೂಸು, ಅದರ ತಾಯಿ, ಅಪ್ಪ, ಅಪ್ಪನ ತಾಯಿ.

ಕಾರಿನಲ್ಲಿ ಹೋಗಿ ಎಚ್.ಡಿ. ಕೋಟೆಯಲ್ಲಿ ರೂಮು ಮಾಡಿದ್ದರೆ ಮುಗಿಯುತ್ತಿತ್ತು. ಅಜ್ಜಿ ಒಪ್ಪಲಿಲ್ಲವಂತೆ. "ಲಾಡ್ಜ್ ಹಾಸ್ಗೆ ಮ್ಯಾಲೆ ಯಾರ್ಯಾರ್ ಮನಗಿರ್ತಾರೋ. ಬಾಣ್ತೀನ ಅಲ್ಲಿ ಮನಗ್ಸಕಾಯ್ತದಾ?" ಅಂತ ಮೊದಲ ದಿನವೇ ನನ್ನನ್ನೇ ಕೇಳಿದರು. ಬಾಣಂತಿಗೆ ತಾಯಿ ಇರಲಿಲ್ಲ. ತವರಿನಲ್ಲಿ ಆಗಬೇಕಾದ ಬಾಣಂತನವನ್ನೆಲ್ಲ ಈ ಅತ್ತೆಯೇ ಎತ್ತಿಕೊಂಡಿದ್ದರು, ಅದೂ ಮುಖ ಸಿಂಡರಿಸದೆ. ಎಣ್ಣೆ, ಸೀಗೆಪುಡಿ, ಕಾಯಿಸುವ ತಾಮ್ರದ ಹಂಡೆ, ಮೆಣಸಿನ ಸಾರಿನ ಪುಡಿ, ಬಜೆ ತೇಯುವ ಅಂಗೈಯಗಲದ ಕಲ್ಲು, ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿ, ಎಲ್ಲವನ್ನೂ ಮೂಟೆ ಕಟ್ಟಿ ತಂದಿದ್ದರು. ಬಾಣಂತಿ ಕೋಣೆಗೆ ಚಕ್ರ ಕಟ್ಟಿಸಿದ ಹಾಗಾಯಿತು ಅಂತ ನಾನು ಅಂದೆ. ಬಾಣಂತಿ ನಕ್ಕಳು. ಅಜ್ಜಿ ನಗಲಿಲ್ಲ, ಆದರೆ ಮಧ್ಯಾಹ್ನ ಊಟ ನನಗೇ ಮೊದಲು ಬಡಿಸಿದರು.

ಅಗ್ಗಿಷ್ಟಿಕೆ ಕಂಡ ಕೂಡಲೇ ಹೇಳಿದೆ, ಇದನ್ನು ಗಾಡಿಯೊಳಗೆ ತರುವ ಹಾಗಿಲ್ಲ ಅಂತ. ಯಾಕೆ ಅಂದರು. ಸಿಲಿಂಡರ್ ಇದೆಯಲ್ಲಮ್ಮ, ಕೆಂಡದ ಕಿಡಿ ಹಾರಿ ಹತ್ತಿಕೊಂಡರೆ ಎಲ್ಲರೂ ಸುಟ್ಟು ಕರಕಲಾಗುತ್ತೇವೆ ಅಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಗಾಡಿ ಕಟ್ಟಿದವನು ನನಗೆ ಹೇಳಿಕೊಟ್ಟದ್ದೂ ಅಷ್ಟೇ. ಅಜ್ಜಿ ಸಿಲಿಂಡರಿನ ಪೆಟ್ಟಿಗೆಯನ್ನು ಒಮ್ಮೆ ನೋಡಿ ತಲೆಯಾಡಿಸಿದರು. ಹೊರಗೇ ಹೊಗೆ ಹಾಕುತ್ತೇನೆ ಬಿಡು ಅಂದರು.

ಹುಣಸೂರಿನ ಮೇಲೆ ಹಾಯ್ದು ಶನಿವಾರ ಸಂಜೆ ಅಂತರಸಂತೆ ದಾಟಿದೆವು. ಅವರ ಪರಿಚಯದ ರೈತರೊಬ್ಬರ ಹೊಲದ ಕಣದಲ್ಲಿ ಗಾಡಿ ನಿಲ್ಲಿಸಲು ಮೊದಲೇ ಮಾತಾಗಿತ್ತು. ಕ್ಯಾರವಾನ್ ನಿಲ್ಲಿಸುವುದು ಅಂದರೆ ಕಾರು ನಿಲ್ಲಿಸಿದ ಹಾಗಲ್ಲ. ನೆಲ ಒಂದು ಕಡೆ ಜಾರಿದ್ದರೆ ಫ್ರಿಜ್ಜು ಸರಿಯಾಗಿ ತಣ್ಣಗಾಗುವುದಿಲ್ಲ, ಬಚ್ಚಲ ನೀರು ಹಿಂದಕ್ಕೆ ಬರುತ್ತದೆ, ಮಲಗಿದವರು ರಾತ್ರಿಯಿಡೀ ಗೋಡೆಗೆ ಉರುಳುತ್ತಾರೆ. ಅದಕ್ಕೆ ನನ್ನ ಹತ್ತಿರ ಹುಣಸೂರಿನ ಸಾಮಿಲ್ಲಿನಿಂದ ತಂದ ತುಂಡು ಮರಗಳಿವೆ. ಮೇಜಿನ ಮೇಲೆ ಲೋಟದ ತುಂಬ ನೀರಿಟ್ಟು, ನೀರು ಯಾವ ಕಡೆ ಅಂಚಿಗೆ ಬರುತ್ತದೆ ನೋಡಿ, ಆ ಕಡೆಯ ಚಕ್ರವನ್ನು ಮರದ ಮೇಲೆ ಹತ್ತಿಸುತ್ತೇನೆ. ಆಮೇಲೆ ಪಕ್ಕದ ಮಡಚುವ ಚಪ್ಪರ ಬಿಚ್ಚಿ, ಒಂದು ಮೂಲೆಯನ್ನು ಬೇಕೆಂದೇ ಕೆಳಗೆ ಎಳೆದು ಕಟ್ಟುತ್ತೇನೆ. ಇಲ್ಲದಿದ್ದರೆ ಮಳೆ ನೀರು ನಡುವೆ ಹೊಂಡವಾಗಿ ನಿಂತು ಬಟ್ಟೆಯೇ ಹರಿದು ಬೀಳುತ್ತದೆ. ಕೊನೆಗೆ ನೆತ್ತಿಯ ಗಾಳಿಕಿಂಡಿ. ಛಾವಣಿಯ ನಡುವೆ ಕೈಬೀಸಣಿಗೆಯಷ್ಟು ಅಗಲದ ಕಿಂಡಿ, ಅದಕ್ಕೊಂದು ಪುಟ್ಟ ಫ್ಯಾನು, ಮೇಲೊಂದು ಮುಚ್ಚಳ. ಮಳೆಯಿದ್ದರೂ ಮುಚ್ಚಳವನ್ನು ನಾಲ್ಕು ಬೆರಳು ಎತ್ತಿಟ್ಟಿರಬೇಕು. ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ಗೋಡೆಯೆಲ್ಲ ಬೆವರಿ ಹಾಸಿಗೆ ಒದ್ದೆಯಾಗುತ್ತದೆ.

ಭಾನುವಾರ ಚೆನ್ನಾಗಿಯೇ ಕಳೆಯಿತು. ಬೆಳಿಗ್ಗೆ ಅಜ್ಜಿ ಮೂರು ಕಲ್ಲು ಹೂಡಿ ಹಂಡೆಯಲ್ಲಿ ನೀರು ಕಾಯಿಸಿದರು. ಬಾಣಂತಿಗೆ ಗಾಡಿಯ ಬಚ್ಚಲಲ್ಲೇ ಕುದಿಯುವಂಥ ನೀರು ಹುಯ್ದರು, ಕೂಸನ್ನು ಕಾಲ ಮೇಲೆ ಅಡ್ಡ ಮಲಗಿಸಿಕೊಂಡು ತೀಡಿ ತಟ್ಟಿ ಸ್ನಾನ ಮಾಡಿಸಿದರು. ಆಮೇಲೆ ಚಪ್ಪರದ ಕೆಳಗೆ ಕೂರಿಸಿ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಇಬ್ಬರಿಗೂ ಹೊಗೆ ಹಾಕಿದರು. ಬಾಣಂತಿಯ ಕೂದಲು ಆ ಹೊಗೆಯಲ್ಲಿ ಆರುತ್ತಿತ್ತು. ಕೂಸು ಒಂದು ಸಲ ಸೀನಿ ನಿದ್ದೆ ಹೋಯಿತು. ನೋಡುವುದಕ್ಕೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಬಚ್ಚಲು ಕಟ್ಟಿಕೊಂಡಿತು. ಸೀಗೆಪುಡಿ, ಕಡಲೆಹಿಟ್ಟು, ಎಣ್ಣೆ ಎಲ್ಲ ಸೇರಿ ಪೈಪಿನಲ್ಲಿ ಅಂಟಿನ ಹಾಗೆ ಕೂತಿತ್ತು. ನಾನು ಗಾಡಿಯ ಕೆಳಗೆ ಬೆನ್ನ ಮೇಲೆ ಮಲಗಿ ಪೈಪು ಬಿಚ್ಚಿ, ತಂತಿ ತೂರಿಸಿ ಕೆದಕಿದೆ. ಕೊಳೆನೀರು ಮುಖಕ್ಕೇ ಬಿತ್ತು. ಬಾಯಿಗೆ ಬಂದದ್ದನ್ನು ಬೈದುಕೊಂಡೇ ಕೆಲಸ ಮುಗಿಸಿದೆ. ಬಾಣಂತಿ ಬಾಗಿಲಲ್ಲಿ ನಿಂತು, ನಮ್ಮಿಂದ ನಿಮಗೆ ಎಂಥಾ ಕಷ್ಟ ಅಣ್ಣ ಅಂತ ನಗು ತಡೆದುಕೊಂಡು ಹೇಳಿದಳು. ಹಳೆಯ ಪಂಚೆಯ ತುಂಡೊಂದನ್ನು ಬಚ್ಚಲ ಬಾಯಿಗೆ ಸೋಸಣಿಗೆಯಂತೆ ಕಟ್ಟಿಕೊಟ್ಟೆ. ಸ್ನಾನ ಆದ ಮೇಲೆ ಅದನ್ನು ತೆಗೆದು ಹೊರಗೆ ಜಾಡಿಸಿದರೆ ಸಾಕು, ಪೈಪು ಕಟ್ಟುವುದಿಲ್ಲ. ಈಗಲೂ ನಾನು ಮಾಡುವುದು ಹಾಗೆಯೇ.

ಸೋಮವಾರ ಬೆಳಗಾದಾಗ ಜಡಿಮಳೆ. ಹಿನ್ನೀರಿನ ಕಡೆಯಿಂದ ಗಾಳಿ ಬೀಸಿ ಚಪ್ಪರದ ಕೆಳಗೆಲ್ಲ ಇರಚಲು ಹೊಡೆಯುತ್ತಿತ್ತು. ಹನ್ನೊಂದರ ಪೂಜೆಗೆ ದೇವಸ್ಥಾನದಲ್ಲಿರಬೇಕು, ಅದಕ್ಕೆ ಮೊದಲು ಎಲ್ಲರ ತಲೆಸ್ನಾನ ಆಗಬೇಕು. ಬಾಣಂತಿಯದು ಆಯಿತು. ಅವಳು ಒದ್ದೆ ಕೂದಲು ಹರವಿಕೊಂಡು ಕಿಟಕಿಯ ಹತ್ತಿರ ಬಂದು, "ಅಣ್ಣ, ಈ ಗಾಜು ಒಂಚೂರು ಜರುಗ್ಸಿ. ಮಳೆ ವಾಸ್ನೆ ಬರ್ಲಿ" ಅಂದಳು. ಗಾಜು ಬಿಗಿಯಾಗಿತ್ತು, ನಾನು ಹೊರಗಿನಿಂದ ತಟ್ಟಿ ಸರಿಸಿಕೊಟ್ಟೆ. ಹಿಂದಿನಿಂದ ಅಜ್ಜಿ, "ತಲೆ ಕಟ್ಕಳ್ಳೇ ಮೊದ್ಲು. ಬರೀ ತಲೇಲಿ ಗಾಳಿಗ್ ನಿಂತವ್ಳೆ" ಅಂತ ಗದರಿದರು. ಅವಳು ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡು ಒಳಗೆ ಸರಿದಳು.

ಅಷ್ಟರಲ್ಲಿ ಟ್ಯಾಂಕಿನ ನೀರು ಮುಗಿದಿತ್ತು. ಹೊಲದ ಬೋರಿಗೆ ಕರೆಂಟ್ ಇರಲಿಲ್ಲ. ಆ ರೈತರ ಗೂಡ್ಸ್ ಆಟೋದಲ್ಲಿ ಕ್ಯಾನುಗಳನ್ನು ಹಾಕಿಕೊಂಡು ಅಂತರಸಂತೆಗೆ ಹೋದೆವು. ಅಲ್ಲೂ ಕಾಯಬೇಕಾಯಿತು. ತಿರುಗಿ ಬಂದಾಗ ಅಜ್ಜಿ ಚಪ್ಪರದ ಒಂದು ಮೂಲೆಯಲ್ಲಿ, ಮಳೆಗೆ ಬೆನ್ನು ಕೊಟ್ಟು, ದೇವರ ಎಡೆಗೆ ಅನ್ನ ಬಸಿಯುತ್ತಿದ್ದರು. ಮಗ ಬೇಲಿಯ ಹತ್ತಿರ ಛತ್ರಿ ಹಿಡಿದುಕೊಂಡು ಪೂಜಾರಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಗಾಡಿಯ ಬಾಗಿಲು ಹಾಕಿತ್ತು. ಬೆಳಿಗ್ಗೆ ನಾನು ಸರಿಸಿದ ಕಿಟಕಿಯೂ ಮುಚ್ಚಿತ್ತು.

"ಸದ್ದು ಮಾಡ್ಬ್ಯಾಡ ಕಣಪ್ಪ" ಅಂದರು ಅಜ್ಜಿ. "ಅವ್ವ ಕೂಸು ಇಬ್ರೂ ಒಳ್ಳೆ ನಿದ್ದೇಲವ್ರೆ. ಕೆನ್ನೆ ಕೆಂಪ್ಗಾಗವೆ ಇಬ್ರುಗೂವೆ."

ನಾನು ಸರಿ ಅಂದೆ. ಕ್ಯಾನುಗಳನ್ನು ಆಟೋದ ಮೇಲೆಯೇ ಇಟ್ಟುಕೊಂಡು ಪೈಪು ಹಾಕಿದರೆ ನೀರು ತಾನಾಗಿ ಟ್ಯಾಂಕಿಗೆ ಇಳಿಯುತ್ತದೆ, ಹೊತ್ತು ಸುರಿಯುವ ಕೆಲಸವಿಲ್ಲ. ಹಾಗೆ ಪೈಪು ಹಿಡಿದು ಆಟೋದ ಮೇಲೆ ನಿಂತಿದ್ದೆ. ಎರಡನೆಯ ಕ್ಯಾನು ಖಾಲಿಯಾಗುವ ಹೊತ್ತಿಗೆ ಗಾಡಿಯ ನೆತ್ತಿಯ ಮೇಲೆ ಕಣ್ಣು ಹೋಯಿತು. ಗಾಳಿಕಿಂಡಿಯ ಮುಚ್ಚಳದ ಸಂದಿಯಿಂದ ಹಸಿರು ಸೀರೆಯ ಕೆಂಪು ಅಂಚು ಹೊರಗೆ ಬಂದು ಮಳೆಯಲ್ಲಿ ನೆನೆಯುತ್ತಿತ್ತು. ಒಳಗಿನಿಂದ ತುರುಕಿದ್ದರು. ನನಗೆ ಹೊಳೆದದ್ದು ಫ್ಯಾನಿನ ಮೋಟಾರು, ದೇವರಾಣೆ. ಸೀರೆ ಸುತ್ತಿಕೊಂಡು ಮೋಟಾರು ಸುಟ್ಟುಹೋದರೆ ಓನರಿಗೆ ಏನು ಹೇಳಲಿ ಅಂತ ತಲೆ ಕೆಟ್ಟುಹೋಯಿತು. ಪೈಪು ಬಿಸಾಕಿ ಕೆಳಗೆ ಹಾರಿದೆ.

ಅಜ್ಜಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. "ಸಿಲಿಂಡ್ರು ಆಪ್ ಮಾಡ್ಸೇ ಕೆಂಡ ಒಳೀಕೆ ಇಟ್ಟಿವ್ನಿ ಕಣಪ್ಪ. ನೀನ್ ಹೇಳಿದ್ ಮರ್ತಿಲ್ಲ" ಅಂದರು. ಪೆಟ್ಟಿಗೆಯ ಕಡೆ ತಿರುಗಿದೆ. ನಿಜ, ಸಿಲಿಂಡರಿನ ತಿರುಪು ಬಿಗಿಯಾಗಿ ಮುಚ್ಚಿತ್ತು. ರೆಗ್ಯುಲೇಟರ್ ಕೂಡ ಬಿಚ್ಚಿ ಪಕ್ಕಕ್ಕಿಟ್ಟಿದ್ದರು.

ಬಾಗಿಲು ತಟ್ಟಿದೆ. ಎರಡನೆಯ ಸಲ ಗುದ್ದಿದೆ. ಒಳಗೆ ಅಲುಗಾಟವಿಲ್ಲ. ತೆಗೆದೆ.

ಸೆಖೆ ಮುಖಕ್ಕೆ ಹೊಡೆಯಿತು. ಸಾಂಬ್ರಾಣಿಯ ವಾಸನೆ ಇತ್ತು, ಹೊಗೆ ಇರಲಿಲ್ಲ. ಅಗ್ಗಿಷ್ಟಿಕೆ ಹಾಸಿಗೆಯ ಕಾಲ ಹತ್ತಿರ ಇಟ್ಟಿದ್ದರು, ಕೆಂಡ ಕೆಂಪಗೆ ಚೊಕ್ಕಟವಾಗಿ ಉರಿಯುತ್ತಿತ್ತು. ಬಾಗಿಲ ಕೆಳಗಿನ ಸಂದಿಗೂ ಹೊರಗಿನಿಂದ ಗೋಣಿಚೀಲ ಒತ್ತಿದ್ದರು. ಗ್ಯಾಸ್ ಸೋರಿದರೆ ಕೂಗಬೇಕಾದ ಅಲಾರಂ ಗೋಡೆಯ ಮೇಲೆ ಹಸಿರು ದೀಪ ಹೊತ್ತಿಸಿಕೊಂಡು ಸುಮ್ಮನಿತ್ತು. ಬಾಣಂತಿ ಹಾಸಿಗೆಯಿಂದ ಅರ್ಧ ಕೆಳಗೆ ಜಾರಿದ್ದಳು. ವಾಂತಿ ಮಾಡಿಕೊಂಡಿದ್ದಳು, ಒಂದು ಕೈ ಬಾಗಿಲ ಕಡೆ ಚಾಚಿತ್ತು. ಕೂಸು ಗೋಡೆಯ ಬದಿಯಲ್ಲಿ, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ನಿದ್ದೆ ಮಾಡುವ ಹಾಗೇ ಇತ್ತು. ಕೆನ್ನೆ ಕೆಂಪಗಿತ್ತು.

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಸಾಗಿಸುವಾಗ ಒಮ್ಮೆ ನೋಡಿದ್ದೆ. ಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಗಾಳಿಯಾಡಲು ಬಿಡದೆ ಬೇಗ ನುಗ್ಗಿದವನೊಬ್ಬ ತಲೆ ತಿರುಗಿ ಬಿದ್ದ. ಜೊತೆಯವರು ಒಂದು ಮಾತೂ ಆಡದೆ ಕಾಲು ಹಿಡಿದು ಎಳೆದು ಬಯಲಿಗೆ ಹಾಕಿದರು. ನಾನೂ ಅದನ್ನೇ ಮಾಡಿದೆ. ಕೂಸನ್ನು ಎತ್ತಿಕೊಂಡು ಹೊರಗೆ ಓಡಿದೆ, ಅದರ ಅಪ್ಪನ ಕೈಗೆ ಕೊಟ್ಟೆ. ಬಾಣಂತಿಯನ್ನು ರಟ್ಟೆ ಹಿಡಿದು ಎಳೆದು ಚಪ್ಪರದ ಕೆಳಗೆ ತಂದೆ. ಅಗ್ಗಿಷ್ಟಿಕೆಯನ್ನು ಮಳೆಗೆ ಎಸೆದೆ. ಅವಳು ನರಳಿದಳು, ಕಣ್ಣು ತೆರೆಯಲಿಲ್ಲ. ಕೂಸು ಉಸಿರಾಡುತ್ತಿತ್ತು. ಬಾಯಿಯ ಹತ್ತಿರ ನನ್ನ ಕೆನ್ನೆ ಇಟ್ಟು ನೋಡಿದೆ. ಇತ್ತು, ಬಹಳ ಸಣ್ಣಗೆ.

ಅಜ್ಜಿ ಗಾಳಿ ಸೋಕು ಅಂದರು. ಕಾಡಂಚು, ಸೋಮವಾರ, ಹಸಿ ಬಾಣಂತಿ, ದೇವರ ಹತ್ತಿರ ಕರೆದುಕೊಂಡು ಹೋಗಿ ಭಂಡಾರ ಹಾಕಿಸೋಣ, ಇಲ್ಲೇ ಎರಡು ಹೆಜ್ಜೆ ಅಂದರು. ಮಗ ಆಂಬುಲೆನ್ಸಿಗೆ ಫೋನ್ ಮಾಡುತ್ತ ಒಮ್ಮೆ ತಾಯಿಯ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದ. ಆಟೋದಲ್ಲಿ ಮಲಗಿಸಲು ಜಾಗವಿಲ್ಲ. ಆಂಬುಲೆನ್ಸಿಗೆ ಕಾದರೆ ಎಷ್ಟು ಹೊತ್ತೋ. ಈ ಗಾಡಿಯಲ್ಲೇ ಎಚ್.ಡಿ. ಕೋಟೆಯ ಆಸ್ಪತ್ರೆಗೆ ಹೋಗುವುದು ಅಂತ ನಾನೇ ತೀರ್ಮಾನ ಮಾಡಿದೆ. ಒಳಗಿನಿಂದ ಸೀರೆ ಎಳೆದುಹಾಕಿದೆ, ಇದ್ದಬದ್ದ ಕಿಟಕಿಯೆಲ್ಲ ತೆರೆದೆ. ಪಕ್ಕದ ಬಾಗಿಲನ್ನು ಹಗ್ಗದಿಂದ ಹಿಂದಕ್ಕೆ ಕಟ್ಟಿದೆ. ಚಕ್ರದ ಕೆಳಗಿನ ಮರ ತೆಗೆಯಲಿಲ್ಲ, ಚಪ್ಪರ ಮಡಚಲಿಲ್ಲ. ಗಾಡಿ ಮರದ ಮೇಲಿಂದ ಧಡ್ಡನೆ ಇಳಿಯಿತು, ಚಪ್ಪರ ಕಂಬದ ಸಮೇತ ಹರಿದು ಕಣದಲ್ಲೇ ಉಳಿಯಿತು. ಒಳಗೆ ಡ್ರಾಯರುಗಳೆಲ್ಲ ಬಾಯಿ ತೆರೆದು ಪಾತ್ರೆ ಉರುಳಿದವು.

ಆ ದಾರಿಯನ್ನು ನಾನು ಎಷ್ಟು ಸಲ ಓಡಿಸಿದ್ದೇನೋ ಲೆಕ್ಕವಿಲ್ಲ. ಆವತ್ತಿನಷ್ಟು ಉದ್ದ ಯಾವತ್ತೂ ಇರಲಿಲ್ಲ. ಮಳೆ ಸೀದಾ ಒಳಗೆ ಬರುತ್ತಿತ್ತು. ಹಾಸಿಗೆ, ಬಟ್ಟೆ, ಬಾಣಂತಿಯ ಮೈ ಎಲ್ಲ ಒದ್ದೆ. ಅಜ್ಜಿ ಒಂದೊಂದೇ ಕಿಟಕಿ ಮುಚ್ಚುತ್ತ ಬಂದರು. ಕನ್ನಡಿಯಲ್ಲಿ ನೋಡಿ ನಾನು ಕೂಗಿದೆ, ಮಗ ಮತ್ತೆ ತೆರೆದ. ಮತ್ತೆ ಮುಚ್ಚಿದರು. "ಕೂಸು ತಣ್ಣಗಾಯ್ತಾ ಅದೆ ಕಣಪ್ಪ, ಮುಚ್ಚು. ನಿನ್ ಕಾಲಿಗ್ ಬೀಳ್ತೀನಿ, ಮುಚ್ಚು" ಅಂತ ಅಳುತ್ತಿದ್ದರು. ಕಿಟಕಿ ಮುಟ್ಟಿದರೆ ಇಲ್ಲೇ ಗಾಡಿ ನಿಲ್ಲಿಸುತ್ತೇನೆ ಅಂತ ನಾನು ಗದರಿದೆ. ತಾಯಿ ವಯಸ್ಸಿನವರೊಬ್ಬರಿಗೆ ಹಾಗೆ ಗದರಿದ್ದು ಅದೇ ಮೊದಲು. ಆಮೇಲೆ ಅವರು ಕಿಟಕಿ ಬಿಟ್ಟರು, ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡು ಅದರ ಮೇಲೆ ಬಗ್ಗಿ ಕೂತರು. ನಾನು ಅದನ್ನೂ ಬಿಡಿಸಿ ಅಂತ ಮಗನಿಗೆ ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ.

ಕೋಟೆಯ ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಬರುವ ಮೊದಲೇ ಇಬ್ಬರನ್ನೂ ಎತ್ತಿಕೊಂಡು ಒಳಗೆ ಹೋದೆವು. ಬಾಣಂತಿಯ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು. ಕೂಸನ್ನು ಬೇರೆ ಕೋಣೆಗೆ ಒಯ್ದರು. ಡಾಕ್ಟರು ಹೊರಗೆ ಬಂದು, ಒಳಗೆ ಏನಾದರೂ ಉರಿಯುತ್ತಿತ್ತಾ ಅಂತ ಕೇಳಿದರು. ಕೆಂಡ ಅಂದೆ. ಕಿಟಕಿ ಅಂದರು. ಮುಚ್ಚಿತ್ತು ಅಂದೆ. ಆಮೇಲೆ ನನಗೂ ಕೂಸಿನ ಅಪ್ಪನಿಗೂ ಬಿಡಿಸಿ ಹೇಳಿದರು. ಕೆಂಡ ಉರಿಯುವಾಗ ಹೊರಡುವ ಒಂದು ವಿಷಗಾಳಿ ಇದೆ, ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆಯೇ ಇಲ್ಲದ ನಿಗಿನಿಗಿ ಕೆಂಡದಲ್ಲೂ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ರಕ್ತಕ್ಕೆ ಸೇರಿ ಉಸಿರನ್ನು ಕಟ್ಟಿಹಾಕುತ್ತದೆ. ನಿದ್ದೆ ಬಂದ ಹಾಗೆ ಬರುತ್ತದೆ, ಕೆಲವರಿಗೆ ಮೈ ಕೆಂಪೇರುತ್ತದೆ. ಸಣ್ಣ ಮೈಗೆ ಬೇಗ ಹತ್ತುತ್ತದೆ. ಬಾಣಂತಿ ಉಳಿಯುತ್ತಾಳೆ ಅಂದರು. ಕೂಸಿನ ಮಾತು ಅವರು ಎತ್ತಲಿಲ್ಲ, ನಾವೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಂದು ಡಾಕ್ಟರನ್ನು ಕರೆದುಕೊಂಡು ಹೋದರು. ಅವರು ತಿರುಗಿ ಬಂದಾಗ ಕೂಸು ಉಳಿದಿರಲಿಲ್ಲ.

ಅಜ್ಜಿ ವರಾಂಡದ ನೆಲದ ಮೇಲೆ ಕೂತಿದ್ದರು. ನನ್ನನ್ನು ಕಂಡು ಬೈಯಲೂ ಇಲ್ಲ, ಕಿರುಚಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸಿಗೆ ಹೇಳುತ್ತಿದ್ದರು: "ಬೆಚ್ಚಗೆ ಮನಗ್ಸಿದ್ದೆ ಕಣವ್ವ. ಈವಯ್ಯ ಮಳೇಲಿ ಹೊತ್ಕಂಡ್ ಬಂದು ತಣ್ಣಗೆ ಮಾಡ್ಬುಟ್ಟ."

ಎದುರಿಗೆ ನಿಂತು ಎಲ್ಲವನ್ನೂ ಹೇಳಿಬಿಡಬೇಕು ಅಂತ ಎರಡು ಹೆಜ್ಜೆ ಇಟ್ಟೆ. ಮಗ ನನ್ನ ತೋಳು ಹಿಡಿದು ಔಷಧಿ ಅಂಗಡಿಯ ಪಕ್ಕಕ್ಕೆ ಎಳೆದುಕೊಂಡು ಹೋದ.

"ಅವ್ವಂಗೆ ಹೇಳ್ಬೇಡಿ ಅಣ್ಣ. ತನ್ ಕೈಯಾರೆ ಆಯ್ತು ಅಂತ ಗೊತ್ತಾದ್ರೆ ಬದುಕಾಕಿಲ್ಲ ಅವ್ಳು. ಥಂಡಿ ಅಂತ್ಲೇ ಅಂದ್ಕಂಡಿರ್ಲಿ."

"ಥಂಡಿ ಅಂದ್ರೆ ನನ್ ತಲೆಗೆ ಬತ್ತದೆ ಕಣ್ರೀ" ಅಂದೆ.

"ಗೊತ್ತು" ಅಂದ. ನನ್ನ ತೋಳು ಬಿಡಲಿಲ್ಲ.

ಆಗಲಿ ಬಿಡಿ ಅಂದೆ. ಪೊಲೀಸರು ಬಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ, ಅಲ್ಲಿ ಮುಚ್ಚುಮರೆ ಮಾಡಲಿಲ್ಲ. ಅಜ್ಜಿಯ ಮುಂದೆ ಮಾತ್ರ ಬಾಯಿ ಹೊಲಿದುಕೊಂಡೆ. ಯಾರೋ ಒಬ್ಬ ಡ್ರೈವರನ್ನು ಬೈದುಕೊಂಡು ಆ ಮುದುಕಿಗೆ ಬದುಕಲು ಆಗುವುದಾದರೆ ಬೈದುಕೊಳ್ಳಲಿ, ನನ್ನದೇನು ಹೋಗುತ್ತದೆ ಅನ್ನಿಸಿತು. ದೊಡ್ಡ ಮನಸ್ಸು ಮಾಡಿದೆ ಅಂತ ಒಳಗೊಳಗೇ ಹೆಮ್ಮೆಯೂ ಆಯಿತು ಅಂತ ಕಾಣುತ್ತದೆ.

ಗಾಡಿ ಕೆಲವು ವಾರ ಶೆಡ್ಡಿನಲ್ಲೇ ನಿಂತಿತು. ಆಮೇಲೆ ಓನರ್ ಆ ವಿಷಗಾಳಿಗೆ ಕೂಗುವ ಬೇರೆ ಅಲಾರಂ ತರಿಸಿ ಹಾಕಿಸಿದರು. ಗಾಳಿಕಿಂಡಿಗೆ ಒಳಗಿನಿಂದ ಏನೂ ತುರುಕಲು ಬಾರದಂತೆ ನಾನು ಬಲೆ ಕೂರಿಸಿದೆ. ನನ್ನ ಪಾಠವೂ ಬದಲಾಯಿತು. ಮೊದಲೆಲ್ಲ ಇದು ಮಾಡಬೇಡಿ ಅಂತಷ್ಟೇ ಹೇಳುತ್ತಿದ್ದವನು ಈಗ ಯಾಕೆ ಅಂತಲೂ ಹೇಳುತ್ತೇನೆ, ಎದುರಿಗಿದ್ದವರು ಫೋನ್ ಕೆಳಗಿಡುವ ತನಕ ಗಾಡಿ ಚಾಲೂ ಮಾಡುವುದಿಲ್ಲ. ಸುಳ್ಳು ಕಾರಣ ಕೊಟ್ಟರೆ ಜನ ಆ ಕಾರಣಕ್ಕೆ ತಕ್ಕಂತೆ ಜಾಗ್ರತೆ ಮಾಡುತ್ತಾರೆ. ಅಜ್ಜಿ ಸಿಲಿಂಡರಿನ ತಿರುಪು ಎಷ್ಟು ಬಿಗಿಯಾಗಿ ಮುಚ್ಚಿಸಿದ್ದರು ಅನ್ನುವುದು ನನ್ನ ಕಣ್ಣಿಂದ ಹೋಗಿಲ್ಲ.

ಅಡುಗೆ ಕಟ್ಟೆಯ ಡ್ರಾಯರನ್ನು ಪೂರ್ತಿ ಎಳೆದು ತೊಳೆಯುವಾಗ ಹಿಂದುಗಡೆ ಒಂದು ಕಲ್ಲು ಸಿಕ್ಕಿತು. ಬಜೆ ತೇಯುವ ಕಲ್ಲು. ನಡುವೆ ತೇಯ್ದು ತೇಯ್ದು ಗುಳಿ ಬಿದ್ದಿತ್ತು. ಮನೆತನದ ಕಲ್ಲು ಅದು, ಎಸೆಯಲು ಮನಸ್ಸಾಗಲಿಲ್ಲ. ದೀಪಾವಳಿ ಕಳೆದ ಮೇಲೆ ಒಮ್ಮೆ ಕೆ.ಆರ್. ನಗರಕ್ಕೆ ಬಾಡಿಗೆ ಬಂತು. ಗಿರಾಕಿಗಳನ್ನು ಇಳಿಸಿ, ಗಾಡಿ ಅಲ್ಲೇ ಬಿಟ್ಟು, ಬಸ್ಸು ಹತ್ತಿ ಆ ಹಳ್ಳಿಗೆ ಹೋದೆ. ಕಲ್ಲು ಕೊಟ್ಟು ತಿರುಗಿ ಬಂದುಬಿಡುವುದು ಅಂತ.

ಚುರುಗುಟ್ಟುವ ಬಿಸಿಲಿತ್ತು. ಅವಳು ಜಗುಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಅವಳನ್ನು ಈಗಲೂ ಬಾಣಂತಿ ಅಂತಲೇ ನೆನೆಯುತ್ತೇನೆ, ಬೇರೆ ಹೆಸರು ಬಾಯಿಗೆ ಬರುವುದಿಲ್ಲ. ಆ ಬಿಸಿಲಿನಲ್ಲಿ ತಲೆಗೆ ದಪ್ಪ ಉಲ್ಲನ್ ಬಟ್ಟೆ ಸುತ್ತಿ, ಕಿವಿ ಮುಚ್ಚಿ, ಗದ್ದದ ಕೆಳಗೆ ಗಂಟು ಹಾಕಿಕೊಂಡಿದ್ದಳು. ಹಣೆ ಬೆವರಿತ್ತು. ನನ್ನನ್ನು ಗುರುತು ಹಿಡಿದು ಎದ್ದು ನಿಂತಳು. ನಮ್ಮನೆಯವರು ಪೇಟೆಗೆ ಹೋಗಿದ್ದಾರೆ, ಮಧ್ಯಾಹ್ನದ ಬಸ್ಸಿಗೆ ಬರುತ್ತಾರೆ ಅಂದಳು. ಕಲ್ಲು ಚಾಚಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಅತ್ತೆ ಕೈಗೇ ಕೊಡಿ ಅಣ್ಣ. ನಾನು ಮುಟ್ಟಂಗಿಲ್ಲ. ಒಳಗೆ ನಾದಿನಿ ಬಾಣಂತಿ."

ಯಾಕೆ ಮುಟ್ಟಬಾರದು ಅಂತ ಕೇಳಿದೆ.

"ನನ್ ಹಾಲು ಥಂಡಿ ಅಂತಾರೆ. ಆವತ್ತು ಬೆಳಿಗ್ಗೆ ತಲೆ ಕಟ್ಕಂಡಿರ್ಲಿಲ್ವಲ್ಲ ನಾನು, ಬರೀ ತಲೇಲಿ ಕಿಟಕೀಲಿ ನಿಂತಿದ್ದೆ. ನೀವೇ ನೋಡಿದ್ರಲ್ಲ ಅಣ್ಣ. ಅದಾದ್ಮೇಲೇ ಕೂಸಿಗೆ ಹಾಲು ಕೊಟ್ಟಿದ್ದು."

ಅತ್ತು ಮುಗಿಸಿದವರ ದನಿಯಲ್ಲಿ ಅದನ್ನು ಹೇಳಿದಳು. ನಾನು ಬೈಗುಳವನ್ನು ಹೊತ್ತುಕೊಂಡೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ನನಗೆ ಬಂದದ್ದು ಏನೂ ಅಲ್ಲ. ನಾನು ಹಂಪಾಪುರದಲ್ಲಿ ನನ್ನ ಮನೆಯಲ್ಲಿ ಉಂಡು ಮಲಗುತ್ತಿದ್ದೆ. ಹೊರುತ್ತಿದ್ದವಳು ಇಲ್ಲಿ ಕೂತಿದ್ದಳು.

ಅಷ್ಟರಲ್ಲಿ ಅಡುಗೆಮನೆಯಿಂದ ಅಜ್ಜಿ ಬಂದರು. ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಅಗ್ಗಿಷ್ಟಿಕೆ ಎತ್ತಿಕೊಂಡಿದ್ದರು, ಹೊಗೆಯಿಲ್ಲದ ಕೆಂಡ. ಜಗುಲಿಗೆ ತೆರೆಯುವ ಮೂಲೆಯ ಕೋಣೆಯ ಕಡೆ ಹೊರಟಿದ್ದರು. ಆ ಕೋಣೆಯ ಒಂದೇ ಕಿಟಕಿಗೆ ಗೋಣಿಚೀಲ ಜಡಿದಿತ್ತು. ನನ್ನನ್ನು ಕಂಡು ನಿಂತರು, ಮುಖ ಗಂಟಿಕ್ಕಿಕೊಂಡಿತು. ನಾನು ಹೋಗಿ ಆ ಬಾಗಿಲಿಗೆ ಅಡ್ಡ ನಿಂತೆ.

ಕೊಟ್ಟ ಮಾತು ನೆನಪಿರಲಿಲ್ಲ ಅಂತಲ್ಲ. ಎಲ್ಲವನ್ನೂ ಹೇಳಿದೆ. ಡಾಕ್ಟರು ಹೇಳಿದ ಕ್ರಮದಲ್ಲೇ, ದನಿ ಏರಿಸದೆ, ಕೆಂಡದಿಂದ ಹಿಡಿದು ಕೊನೆಯವರೆಗೆ ಹೇಳಿದೆ. ಕಿಟಕಿಯಿಂದ ಏನೂ ಆಗಲಿಲ್ಲ, ಹಾಲಿನಿಂದ ಏನೂ ಆಗಲಿಲ್ಲ ಅಂದೆ. ನಿಮಗೆ ನಾನು ಕೊಟ್ಟ ಕಾರಣವೇ ತಪ್ಪಾಗಿತ್ತು ಅಮ್ಮ ಅಂತಲೂ ಅಂದೆ. ಅಜ್ಜಿ ಅಗ್ಗಿಷ್ಟಿಕೆ ಹಿಡಿದುಕೊಂಡೇ ಕೇಳಿದರು. ಬಟ್ಟೆ ಸೀಯುವ ವಾಸನೆ ಬಂತು, ಅವರು ಕೆಳಗಿಡಲಿಲ್ಲ. ನಾನೇ ಅದನ್ನು ಅವರ ಕೈಯಿಂದ ತೆಗೆದು ಅಂಗಳದಲ್ಲಿಟ್ಟೆ.

"ಕೆನ್ನೆ ಕೆಂಪ್ಗಿದ್ವು ಕಣಪ್ಪ" ಅಂದರು.

ಅದೇ ಅಮ್ಮ ಅಂದೆ. ಅವರು ಗೋಡೆ ಹಿಡಿದು ನಿಧಾನಕ್ಕೆ ಕೂತರು, ತಮ್ಮ ಎರಡು ಅಂಗೈಗಳನ್ನು ತೆರೆದು ತೊಡೆಯ ಮೇಲೆ ಇಟ್ಟುಕೊಂಡರು.

ಸೊಸೆ ಜಗುಲಿಯಲ್ಲೇ ನಿಂತಿದ್ದಳು. "ಇದನ್ನ ಡಾಕ್ಟ್ರು ಯಾವಾಗ ಹೇಳಿದ್ರು?" ಅಂತ ಕೇಳಿದಳು.

ಆವತ್ತೇ ಅಂದೆ.

"ನಮ್ಮನೆಯವ್ರು ಅಲ್ಲಿದ್ರಾ?"

ಕೈಯಲ್ಲಿದ್ದ ಕಲ್ಲನ್ನು ನೋಡುತ್ತ ನಿಂತೆ. ಅವಳು ಇನ್ನೊಂದು ಸಲ ಕೇಳಲಿಲ್ಲ.

ನನ್ನ ಪಕ್ಕದಿಂದ ಹಾದು ಆ ಕೋಣೆಯ ಬಾಗಿಲು ತಳ್ಳಿ ಒಳಗೆ ಹೋದಳು. ಗೋಣಿಚೀಲ ಹರಿಯುವ ಸದ್ದು ಬಂತು, ಕಿಟಕಿಯ ಕದಗಳು ಗೋಡೆಗೆ ಬಡಿದವು. ಒಳಗೆ ಎಳೆಯ ಕೂಸೊಂದು ಬೆಚ್ಚಿ ಅತ್ತಿತು. ಅದು ಅಳುವುದನ್ನು ನಾವು ಮೂವರೂ ಕೇಳಿದೆವು. ಆಮೇಲೆ ಅವಳು ಹೊರಗೆ ಬಂದು ಜಗುಲಿಯ ತುದಿಯಲ್ಲಿ ಕೂತಳು. ಗದ್ದದ ಕೆಳಗಿನ ಗಂಟು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ತಲೆಯ ಬಟ್ಟೆ ತೆಗೆದು ಮಡಚಿ ಪಕ್ಕಕ್ಕಿಟ್ಟಳು, ಬರೀ ತಲೆಯಲ್ಲಿ ರಸ್ತೆಯ ಕಡೆ ಮುಖ ಮಾಡಿ ಮಧ್ಯಾಹ್ನದ ಬಸ್ಸಿಗೆ ಕಾಯತೊಡಗಿದಳು.